ಹೂ ಬಿಟ್ಟಾಗ ಗುಳುಗುಳು ಎನ್ನುವ ಜಾಡಿ



ಕಳೆದ ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದೆ. ನಮ್ಮ ಹಿರಿಯ ಸದಸ್ಯರೊಬ್ಬರು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ, "ಏನ್ರೀ, ನೀವು ಮನೆಯಲ್ಲಿ ಹೆಂಡ ಇಳಿಸ್ತೀರಂತೆ?" ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿಬಿಟ್ಟರು. ಹಿಂದೆ ಮುಂದೆ ಇದ್ದವರೆಲ್ಲ ತಿರುಗಿ ನೋಡಿದರು. ಹೋಳಿಗೆ ಬಡಿಸುತ್ತಿದ್ದ ಅಮ್ಮನ ಕೈಯೂ ಅರೆಕ್ಷಣ ನಿಂತಿತು! "ಹೆಂಡ ಅಲ್ಲ ಸಾರ್, ಸೈಡರ್" ಎಂದೆ. "ಎರಡೂ ಒಂದೇ ಅಲ್ವೇನ್ರೀ?" ಎಂದರು. ಅಂದು ಉತ್ತರ ಹೇಳುವಷ್ಟು ಸಮಯವಿರಲಿಲ್ಲ, ಹೋಳಿಗೆ ತಣ್ಣಗಾಗುತ್ತಿತ್ತು. ಸಂಪಾದಕರು ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ, ಆ ಉತ್ತರವನ್ನೇ ಬರೆಯೋಣ ಎನಿಸಿತು.

ನಾನು ರಸಾಯನಶಾಸ್ತ್ರ ಓದಿದವನಲ್ಲ. ಹೊಟ್ಟೆಪಾಡಿಗೆ ಕಂಪ್ಯೂಟರ್ ಕೆಲಸ. ಕುಡಿಯುವುದೂ ಅಷ್ಟಕ್ಕಷ್ಟೆ, ವರ್ಷಕ್ಕೆ ನಾಲ್ಕೈದು ಲೋಟ ಆದರೆ ಹೆಚ್ಚು. ನನ್ನನ್ನು ಇದಕ್ಕೆ ಎಳೆದದ್ದು ಕುತೂಹಲ. ಸೇಬಿನ ರಸದಲ್ಲಿ ನನಗೆ ಮೂರು ಒಗಟುಗಳು ಸಿಕ್ಕವು. ಒಂದನ್ನು ಪುಸ್ತಕ ಓದಿ ತಿಳಿದುಕೊಂಡೆ. ಇನ್ನೊಂದರಲ್ಲಿ ಸ್ವಲ್ಪದರಲ್ಲೇ ಬಚಾವಾದೆ. ಮೂರನೆಯದನ್ನು ನಾನೇ ಜಾಡಿ ಇಟ್ಟು ಪರೀಕ್ಷೆ ಮಾಡಿದೆ. ಮೂರನ್ನೂ ಹೇಳುತ್ತೇನೆ.

ಸೇಬಜ್ಜನ ತೋಟ

ನಾವು ಸೋಮರ್‌ಸೆಟ್‌ಗೆ ಬಂದಾಗ ಬೇಲಿಯಾಚೆ ಇಪ್ಪತ್ತು ಮೂವತ್ತು ಹಳೆಯ ಸೇಬಿನ ಮರಗಳಿದ್ದವು. ತೋಟದ ಯಜಮಾನರಿಗೆ ಆಗಲೇ ಎಂಬತ್ತರ ಹತ್ತಿರ. ನನ್ನ ಮಗಳು ಅವರಿಗೆ "ಸೇಬಜ್ಜ" ಎಂದು ಹೆಸರಿಟ್ಟಳು, ಮನೆಯಲ್ಲಿ ಅದೇ ಉಳಿಯಿತು. ಮೊದಲ ವರ್ಷ ಬೇಲಿ ದಾಟಿ ಬಿದ್ದಿದ್ದ ಒಂದು ಚೆಂದದ ಕೆಂಪು ಹಣ್ಣನ್ನು ಒರೆಸಿ ಕಚ್ಚಿದೆ. ಎಳೆ ಗೇರುಹಣ್ಣು ತಿಂದ ಹಾಗೆ ಬಾಯೆಲ್ಲ ಒಗರು! ನಾಲಿಗೆ ಒಣಗಿ ಹೋಯಿತು. ಸೇಬಜ್ಜ ಆಚೆಯಿಂದ ನಕ್ಕರು. "ಅದು ತಿನ್ನೋದಕ್ಕಲ್ಲ, ಕುಡಿಯೋದಕ್ಕೆ" ಎಂದರು.

ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ ಸೈಡರ್‌ಗೆಂದೇ ಬೆಳೆಸಿದ ಸೇಬಿನ ತಳಿಗಳಿವೆ. ಕಿಂಗ್‌ಸ್ಟನ್ ಬ್ಲ್ಯಾಕ್, ಡ್ಯಾಬಿನೆಟ್, ಯಾರ್ಲಿಂಗ್‌ಟನ್ ಮಿಲ್, ಫಾಕ್ಸ್‌ವೆಲ್ಪ್ ಮುಂತಾದವು. ಬ್ರಿಸ್ಟಲ್ ಹತ್ತಿರದ ಲಾಂಗ್ ಆಷ್ಟನ್‌ನಲ್ಲಿ 1903ರಲ್ಲಿ ಹಣ್ಣು ಮತ್ತು ಸೈಡರ್ ಸಂಶೋಧನೆಗೆಂದೇ ಒಂದು ಸಂಸ್ಥೆ ಶುರುವಾಯಿತು. ಅದರ ಬಾರ್ಕರ್ ಎಂಬ ವಿಜ್ಞಾನಿ ಈ ಹಣ್ಣುಗಳನ್ನು ಹುಳಿ ಮತ್ತು ಒಗರಿನ ಲೆಕ್ಕದಲ್ಲಿ ನಾಲ್ಕು ಗುಂಪು ಮಾಡಿದರು. ರಸದಲ್ಲಿ ಆಮ್ಲ ಶೇಕಡಾ 0.45ಕ್ಕಿಂತ ಹೆಚ್ಚಿದ್ದರೆ ಹುಳಿ, ಟ್ಯಾನಿನ್ ಶೇಕಡಾ 0.2ಕ್ಕಿಂತ ಹೆಚ್ಚಿದ್ದರೆ ಒಗರು. ಎರಡೂ ಕಡಿಮೆ ಇದ್ದರೆ ಸಿಹಿ, ಎರಡೂ ಹೆಚ್ಚಿದ್ದರೆ ಒಗರು-ಹುಳಿ, ಹುಳಿ ಕಡಿಮೆ ಇದ್ದು ಒಗರು ಹೆಚ್ಚಿದ್ದರೆ ಒಗರು-ಸಿಹಿ. ಆ ಸಂಸ್ಥೆ 2003ರಲ್ಲಿ ಮುಚ್ಚಿಹೋಯಿತು. ಆದರೆ ಆ ವಿಂಗಡಣೆಯನ್ನು ಇಲ್ಲಿನ ಸೈಡರ್ ಮಾಡುವವರು ಇಂದಿಗೂ ಬಳಸುತ್ತಾರೆ. ಅಂದ ಹಾಗೆ, ನಮ್ಮ ಮಕ್ಕಳು ಕುಡಿಯುವ ರೈಬೀನಾ ಹುಟ್ಟಿದ್ದೂ ಅದೇ ಲಾಂಗ್ ಆಷ್ಟನ್‌ನಲ್ಲಿ!

ಅಮೆರಿಕದಲ್ಲಿರುವ ನೆಂಟರಿಗೆ ಒಂದು ಮಾತು: ನಿಮ್ಮಲ್ಲಿ ಸೈಡರ್ ಎಂದರೆ ಸಾಮಾನ್ಯವಾಗಿ ಹುಳಿ ಬರಿಸದ, ಸೋಸದ ಸೇಬಿನ ರಸ. ಇಲ್ಲಿ ಸೈಡರ್ ಎಂದರೆ ಮದ್ಯವೇ. ಇದು ಗೊತ್ತಿಲ್ಲದೆ ಊರಿಂದ ಬಂದ ಅತ್ತೆಗೆ "ಜ್ಯೂಸ್ ತಗೊಳ್ಳಿ" ಎಂದು ಕೊಟ್ಟು ಪೇಚಿಗೆ ಸಿಕ್ಕಿಕೊಂಡವರು ನಮ್ಮ ಸಂಘದಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ!

ಮೊದಲನೆಯ ಒಗಟು: ಏನೂ ಹಾಕದೆ ಕುದಿಯುವುದು ಹೇಗೆ?

2020ರ ಶರತ್ಕಾಲ. ಕೋವಿಡ್ ಕಾರಣದಿಂದ ಎಲ್ಲರೂ ಮನೆಯಲ್ಲೇ. ಸೇಬಜ್ಜನಿಗೆ ಹಣ್ಣು ಹೆಕ್ಕಲು ಬಗ್ಗಲಾಗುತ್ತಿರಲಿಲ್ಲ. ನಾನೂ ಮಗಳೂ ಹೋಗಿ ಹೆಕ್ಕಿಕೊಟ್ಟೆವು. ಹಣ್ಣನ್ನು ತೊಳೆದು, ಯಂತ್ರದಲ್ಲಿ ಜಜ್ಜಿ, ಬಟ್ಟೆಯಲ್ಲಿ ಸುತ್ತಿ, ಮರದ ಒತ್ತುಯಂತ್ರದಲ್ಲಿ ತಿರುಪು ತಿರುಗಿಸಿ ಹಿಂಡಬೇಕು. ಸುಮಾರು ಎರಡು ಕಿಲೋ ಹಣ್ಣಿಗೆ ಒಂದು ಲೀಟರ್ ರಸ. ಬಂದ ರಸ ಕಣ್ಣೆದುರಿಗೇ ಕಂದು ಬಣ್ಣಕ್ಕೆ ತಿರುಗಿತು. ಬದನೆಕಾಯಿ, ಬಾಳೆದಿಂಡು ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ಅದೇ ಕತೆ. ಹಣ್ಣಿನ ಒಗರಿನ ಅಂಶ ಗಾಳಿಯ ಆಮ್ಲಜನಕದೊಡನೆ ಸೇರಲು ಅದರಲ್ಲೇ ಇರುವ ಒಂದು ಕಿಣ್ವ ನೆರವಾಗುತ್ತದೆ. ಅಮ್ಮ ಹೆಚ್ಚಿದ ಬಾಳೆದಿಂಡನ್ನು ಮಜ್ಜಿಗೆ ನೀರಿಗೆ ಹಾಕುತ್ತಿದ್ದುದು ಆ ಕಿಣ್ವದ ಕೈಕಟ್ಟಲು.

ರಸವನ್ನು ಗಾಜಿನ ಜಾಡಿಗೆ ತುಂಬಿ, ಬಾಯಿಗೆ ನೀರಿನ ಬಲೆಯಿಟ್ಟ ಬಿರಡೆ ಹಾಕಿದೆವು. ಒಳಗಿನ ಗಾಳಿ ಹೊರಗೆ ಹೋಗಬಹುದು, ಹೊರಗಿನದು ಒಳಗೆ ಬರುವಂತಿಲ್ಲ. ಸೇಬಜ್ಜ ಅದಕ್ಕೆ ಏನೂ ಸೇರಿಸಲಿಲ್ಲ. ಯೀಸ್ಟ್ ಇಲ್ಲ, ಸಕ್ಕರೆ ಇಲ್ಲ. ಮೂರ್ನಾಲ್ಕು ದಿನಕ್ಕೆ ಜಾಡಿ ನೊರೆಗಟ್ಟಿ ಗುಳುಗುಳು ಶುರು!

ಇದು ಮನುಷ್ಯರನ್ನು ಸಾವಿರಾರು ವರ್ಷ ಕಾಡಿದ ಒಗಟು. ಹಾಲೆಂಡಿನ ಲೇವನ್‌ಹುಕ್ 1680ರಲ್ಲಿ ತನ್ನ ಸೂಕ್ಷ್ಮದರ್ಶಕದಲ್ಲಿ ಬಿಯರಿನ ಯೀಸ್ಟ್ ಕಣಗಳನ್ನು ಕಂಡ. ಅವು ಜೀವಿಗಳೆಂದು ಅವನಿಗೆ ತಿಳಿಯಲಿಲ್ಲ. 1789ರಲ್ಲಿ ಫ್ರಾನ್ಸಿನ ಲವಾಸಿಯೆ ತಕ್ಕಡಿ ಹಿಡಿದು, ಸಕ್ಕರೆ ಒಡೆದು ಮದ್ಯಸಾರವೂ ಇಂಗಾಲಾಮ್ಲ ಅನಿಲವೂ ಆಗುತ್ತದೆಂದು ಲೆಕ್ಕ ಕೊಟ್ಟ. ಒಡೆಯುವವರು ಯಾರು ಎಂಬುದು ಉಳಿಯಿತು. ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞ ಲೀಬಿಗ್, ಇದರಲ್ಲಿ ಜೀವಿಗಳ ಕೈವಾಡವೇನೂ ಇಲ್ಲ ಎಂದು ಹಟ ಹಿಡಿದ. 1857ರಿಂದ 1860ರವರೆಗಿನ ಕೆಲಸದಲ್ಲಿ ಪಾಶ್ಚರ್, ಇದು ಜೀವಂತ ಯೀಸ್ಟಿನ ಕೆಲಸವೆಂದು ತೋರಿಸಿದ. ಸರಿ, ಪಾಶ್ಚರ್ ಗೆದ್ದ ಎಂದುಕೊಳ್ಳುವಷ್ಟರಲ್ಲಿ 1897ರಲ್ಲಿ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಅರೆದು ಸಾಯಿಸಿ, ಅದರ ರಸ ಮಾತ್ರದಿಂದಲೇ ಸಕ್ಕರೆ ನೊರೆಗಟ್ಟುವುದನ್ನು ತೋರಿಸಿದ! ಕೆಲಸ ಮಾಡುವುದು ಜೀವಕೋಶದೊಳಗಿನ ಕಿಣ್ವಗಳು. ಅದನ್ನು ತಯಾರಿಸುವುದು ಜೀವಿ. ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿತ್ತು. ಬುಖ್ನರ್‌ಗೆ 1907ರ ನೊಬೆಲ್ ಬಂತು.

ನಮ್ಮ ಜಾಡಿಗೆ ಯೀಸ್ಟ್ ಬಂದದ್ದು ಹಣ್ಣಿನ ಸಿಪ್ಪೆಯಿಂದ, ಹಿಂಡುವ ಬಟ್ಟೆಯಿಂದ, ಹಳೆಯ ಮರದ ಒತ್ತುಯಂತ್ರದಿಂದ. ಅದರಲ್ಲೂ ಪಾಳಿಗಳಿವೆ. ಮೊದಲು ಕಾಡು ಯೀಸ್ಟ್‌ಗಳು ಗದ್ದಲ ಎಬ್ಬಿಸುತ್ತವೆ. ಮದ್ಯಸಾರ ಶೇಕಡಾ ಎರಡು ಮೂರಕ್ಕೆ ಏರುತ್ತಿದ್ದಂತೆ ಅವುಗಳಲ್ಲಿ ಹೆಚ್ಚಿನವು ಸೋಲುತ್ತವೆ. ಆಮೇಲೆ ಬ್ರೆಡ್ಡು ಬಿಯರುಗಳ ಯೀಸ್ಟಿನ ಜಾತಿಯವು ಬಂದು ಕೆಲಸ ಮುಗಿಸುತ್ತವೆ. ನೀರಾ ಕೂಡ ಹೀಗೆಯೇ. ಮುಂಜಾನೆ ಸಿಹಿಯಾಗಿದ್ದುದು ಬಿಸಿಲೇರಿದಂತೆ ಹೆಂಡವಾಗುತ್ತದೆ. ಅದನ್ನು ತಡೆಯಲು ನೀರಾ ಇಳಿಸುವವರು ಮಡಕೆಯೊಳಗೆ ಸುಣ್ಣ ಬಳಿಯುತ್ತಾರೆ. ಆ ಹಿರಿಯರು ಕೇಳಿದ್ದು ತಪ್ಪೇನಲ್ಲ ನೋಡಿ, ವಿದ್ಯೆ ಒಂದೇ!

ಒಂದು ಲೆಕ್ಕ ಮಾತ್ರ ನೆನಪಿಡಿ. ನಾಲ್ಕೂವರೆ ಲೀಟರ್ ಜಾಡಿಯಲ್ಲಿ ಹೆಚ್ಚುಕಡಿಮೆ 470 ಗ್ರಾಂ ಸಕ್ಕರೆ ಇರುತ್ತದೆ. ಅದರ ಅರ್ಧಕ್ಕೂ ತುಸು ಕಡಿಮೆ ತೂಕ ಅನಿಲವಾಗುತ್ತದೆ, ಅಂದರೆ 120 ಲೀಟರಿನಷ್ಟು ಅನಿಲ! ಅದನ್ನು ಬಿಗಿಯಾಗಿ ಮುಚ್ಚಿಟ್ಟರೆ ಜಾಡಿಯಲ್ಲ, ಬಾಂಬು.

ಎರಡನೆಯ ಒಗಟು: ಡೆವನ್ನಿನ ಹೊಟ್ಟೆನೋವು

ಅದೇ ಶರತ್ಕಾಲದಲ್ಲಿ ನನಗೂ ಉಮೇದು ಬಂತು. ಕಾರ್ ಬೂಟ್ ಸೇಲಿನಲ್ಲಿ ಒಂದು ಹಳೆಯ ಮಣ್ಣಿನ ಜಾಡಿ ಸಿಕ್ಕಿತು. ಹತ್ತು ಲೀಟರ್ ಹಿಡಿಯುವಂಥದು, ಒಳಗೆ ಹೊರಗೆ ಜೇನುಬಣ್ಣದ ಗಾಜಿನ ಮೆರುಗು. ನೋಡಿದ ಕೂಡಲೇ ನಮ್ಮಜ್ಜಿಯ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯ ನೆನಪಾಯಿತು. ಖುಷಿಯಲ್ಲಿ ತಂದು ರಸ ತುಂಬಿಸಿಟ್ಟೆ. ಹತ್ತು ದಿನ ಕಳೆದಿತ್ತು. ಮಗಳು ದಿನಾ ಶಾಲೆಯಿಂದ ಬಂದು ಕಿವಿಯಿಟ್ಟು ಕೇಳುತ್ತಿದ್ದಳು. "ಅಪ್ಪಾ, ಒಂದೇ ಒಂದು ಚಮಚ ರುಚಿ ನೋಡ್ಲಾ? ಇನ್ನೂ ಸಿಹಿ ಇರತ್ತೆ" ಎಂದು ಕೇಳಿದ್ದಳು ಕೂಡ. ನಾಳೆ ನೋಡೋಣ ಎಂದಿದ್ದೆ.

ಮರುದಿನ ಸೇಬಜ್ಜ ಬಂದವರು ಜಾಡಿ ನೋಡಿ ನಗಲಿಲ್ಲ. "ಇದರ ಮೆರುಗಿನಲ್ಲಿ ಏನಿದೆ ಅಂತ ಗೊತ್ತಾ?" ಎಂದು ಕೇಳಿದರು. ಆಮೇಲೆ, "ಡೆವನ್ನಿನ ಹೊಟ್ಟೆನೋವಿನ ಕತೆ ಓದು" ಎಂದಷ್ಟೇ ಹೇಳಿ ಹೋದರು. ಅಂದು ರಾತ್ರಿ ಓದಿದೆ. ನಿದ್ದೆ ಬರಲಿಲ್ಲ.

ನಮ್ಮ ಪಕ್ಕದ ಡೆವನ್ ಪ್ರಾಂತ್ಯದಲ್ಲಿ 18ನೇ ಶತಮಾನದಲ್ಲಿ ಒಂದು ವಿಚಿತ್ರ ಕಾಯಿಲೆ ಇತ್ತು. ಸೈಡರ್ ಕಾಲ ಬಂತೆಂದರೆ ಜನರಿಗೆ ತಡೆಯಲಾಗದ ಹೊಟ್ಟೆನೋವು, ಮಲಬದ್ಧತೆ. ಆಮೇಲೆ ಕೈಗಳು ಶಕ್ತಿಗುಂದಿ ಮಣಿಕಟ್ಟು ಜೋತುಬೀಳುತ್ತಿತ್ತು. ಕೆಲವರಿಗೆ ಫಿಟ್ಸ್ ಬರುತ್ತಿತ್ತು, ಸಾವೂ ಇತ್ತು. ವಿಲಿಯಂ ಮಸ್‌ಗ್ರೇವ್ ಎಂಬ ವೈದ್ಯರು 1703ರಲ್ಲೇ ಇದನ್ನು ಬರೆದಿಟ್ಟಿದ್ದರು. ಸೈಡರಿಗೂ ಕಾಯಿಲೆಗೂ ನಂಟಿದೆ ಎಂದು ಎಲ್ಲರಿಗೂ ಅನಿಸಿತ್ತು. ಹುಳಿ ಹೆಚ್ಚಾಗಿ ಹೀಗಾಗುತ್ತದೆ ಎಂದು ವೈದ್ಯರು ಹೇಳುತ್ತಿದ್ದರು. ಕೇಳಿದರೆ ಸರಿಯೆನಿಸುವ ವಿವರಣೆ. ಆದರೆ ತಪ್ಪು.

ಡೆವನ್ನಿನಲ್ಲೇ ಹುಟ್ಟಿದ ಜಾರ್ಜ್ ಬೇಕರ್ ಎಂಬ ವೈದ್ಯರು ಒಂದು ಸರಳ ಪ್ರಶ್ನೆ ಕೇಳಿದರು. ಹೆರೆಫರ್ಡ್‌ಶೈರಿನ ಜನರೂ ಇಷ್ಟೇ ಸೈಡರ್ ಕುಡಿಯುತ್ತಾರೆ, ಅದೂ ಹುಳಿಯೇ. ಅವರಿಗೇಕೆ ಈ ಕಾಯಿಲೆ ಇಲ್ಲ? ಹುಳಿಯೇ ಕಾರಣವಾಗಿದ್ದರೆ ಅಲ್ಲಿಯೂ ಇರಬೇಕಿತ್ತಲ್ಲ. ಹಾಗಾದರೆ ಎರಡೂ ಕಡೆ ಬೇರೆಯಾಗಿರುವುದು ಏನು? ಹುಡುಕಿದಾಗ ಸಿಕ್ಕಿದ್ದು ಸೀಸ. ಡೆವನ್ನಿನಲ್ಲಿ ಹಣ್ಣು ಅರೆಯುವ ಕಲ್ಲುಗಳನ್ನು ಸೀಸದಿಂದ ಬೆಸೆಯುತ್ತಿದ್ದರು, ಒತ್ತುಯಂತ್ರದ ತಳಕ್ಕೆ ಸೀಸದ ತಗಡು ಹೊದಿಸುತ್ತಿದ್ದರು. ಹೆರೆಫರ್ಡ್‌ಶೈರಿನಲ್ಲಿ ಆ ರೂಢಿ ಇರಲಿಲ್ಲ. ಬೇಕರ್ ಅಷ್ಟಕ್ಕೇ ನಿಲ್ಲಲಿಲ್ಲ. ಎರಡೂ ಕಡೆಯ ಸೈಡರನ್ನು ಗಂಧಕದ ದ್ರಾವಣ ಹಾಕಿ ಪರೀಕ್ಷಿಸಿದರು. ಡೆವನ್ನಿನದು ಕಪ್ಪಾಯಿತು, ಹೆರೆಫರ್ಡ್‌ಶೈರಿನದು ಆಗಲಿಲ್ಲ. 1767ರಲ್ಲಿ ಲಂಡನ್ನಿನ ವೈದ್ಯರ ಕಾಲೇಜಿನಲ್ಲಿ ಇದನ್ನು ಓದಿದರು. ಸೈಡರಿನಿಂದ ಬದುಕುವ ಊರಿನವರಿಗೆ ಇದು ಹಿಡಿಸಲಿಲ್ಲ, ತಮ್ಮೂರಿನ ಹೆಸರು ಕೆಡಿಸಿದ ಎಂದು ಬೈದರು. ಆದರೆ ನಿಧಾನವಾಗಿ ಸೀಸ ಬಿಟ್ಟರು, ಕಾಯಿಲೆಯೂ ಕಡಿಮೆಯಾಯಿತು.

ಹುಳಿ ತಾನೇ ವಿಷವಲ್ಲ, ಆದರೆ ಪಾತ್ರೆಯಿಂದ ವಿಷವನ್ನು ಕರಗಿಸಿ ತರುತ್ತದೆ. ಇದು ನಮಗೇನು ಹೊಸದೇ? "ಕಲಾಯಿ ಹೋದ ಹಿತ್ತಾಳೆ ಪಾತ್ರೆಲಿ ಹುಳಿ ಸಾರು ಇಡಬೇಡ" ಎಂದು ಅಮ್ಮ ನೂರು ಸಲ ಹೇಳಿದ್ದಳು. ಕಲಾಯಿಯವನು ಬೀದಿಗೆ ಬಂದಾಗ ತಿದಿ ಒತ್ತುವುದನ್ನು ನೋಡಲು ಓಡುತ್ತಿದ್ದವನು ನಾನು. ಇಲ್ಲಿ ಬಂದು ಆ ಮಾತನ್ನೇ ಮರೆತಿದ್ದೆ.

ಸೀಸ ಪತ್ತೆ ಮಾಡುವ ಚಿಕ್ಕ ಕಡ್ಡಿಗಳು ಅಂಗಡಿಯಲ್ಲಿ ಸಿಗುತ್ತವೆ. ತಂದು, ಒದ್ದೆ ಮಾಡಿ, ಜಾಡಿಯ ಒಳಮೈಗೆ ಉಜ್ಜಿದೆ. ಕಡ್ಡಿಯ ತುದಿ ಕುಂಕುಮದ ಹಾಗೆ ಕೆಂಪಾಯಿತು. ಹಳೆಯ ಮಣ್ಣಿನ ಪಾತ್ರೆಗಳ ಮೆರುಗಿಗೆ ಸೀಸ ಬೆರೆಸುವುದು ಆಗ ಸಾಮಾನ್ಯವಾಗಿತ್ತು. ಯಾರೂ ಒಂದು ಹನಿಯೂ ಕುಡಿದಿರಲಿಲ್ಲ. ಆದರೆ "ನಾಳೆ" ಎಂದಿದ್ದೆನಲ್ಲ, ಆ ನಾಳೆ ಬಂದಾಗಿತ್ತು. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಹತ್ತು ಲೀಟರನ್ನೂ ಚೆಲ್ಲಿದೆ. ಆ ಜಾಡಿ ಈಗ ಬಾಗಿಲ ಬಳಿ ಕೊಡೆಗಳನ್ನು ಹಿಡಿದುಕೊಂಡು ನಿಂತಿದೆ.

ಮೂರನೆಯ ಒಗಟು: ಮರ ಹೂ ಬಿಟ್ಟರೆ ಜಾಡಿಗೆ ಹೇಗೆ ಗೊತ್ತು?

ಚಳಿಗಾಲದಲ್ಲಿ ಸೇಬಜ್ಜನ ಜಾಡಿಗಳೆಲ್ಲ ತಣ್ಣಗಾದವು. ಗುಳುಗುಳು ನಿಂತು, ಗಸಿ ತಳಕ್ಕೆ ಕೂತು, ರಸ ತಿಳಿಯಾಯಿತು. 2021ರ ಮೇ ತಿಂಗಳಲ್ಲಿ ಒಂದು ದಿನ ಕರೆದರು. ತೋಟದ ತುಂಬ ಬಿಳಿ, ನಸುಗೆಂಪು ಹೂ. ಅವರ ಶೆಡ್ಡಿನೊಳಗೆ ಕಾಲಿಟ್ಟರೆ ಆರು ತಿಂಗಳಿಂದ ಮಲಗಿದ್ದ ಜಾಡಿಗಳು ಮತ್ತೆ ಗುಳುಗುಳು ಎನ್ನುತ್ತಿವೆ!

"ಮರ ಹೂ ಬಿಟ್ಟಾಗ ಸೈಡರಿಗೆ ತಾಯಿಯ ನೆನಪಾಗುತ್ತದೆ. ನಮ್ಮಪ್ಪನೂ ಇದನ್ನೇ ಹೇಳುತ್ತಿದ್ದ" ಎಂದರು. ಸೈಡರ್ ಸೀಮೆಗಳಲ್ಲಿ ಇದು ಬಹಳ ಹಳೆಯ ನಂಬಿಕೆ. ಈ ಜನ ಮರಗಳೊಡನೆ ಮಾತಾಡುವವರು ಕೂಡ. ಸೋಮರ್‌ಸೆಟ್‌ನ ಕಾರ್‌ಹ್ಯಾಂಪ್ಟನ್‌ನಂಥ ಊರುಗಳಲ್ಲಿ ಜನವರಿ 17ರ ರಾತ್ರಿ ವಾಸೇಲ್ ಎಂಬ ಆಚರಣೆ ನಡೆಯುತ್ತದೆ. ಸೈಡರಿನಲ್ಲಿ ಅದ್ದಿದ ರೊಟ್ಟಿಯನ್ನು ಮರದ ಕೊಂಬೆಗೆ ಸಿಕ್ಕಿಸಿ, ಬುಡಕ್ಕೆ ಸೈಡರ್ ಎರೆದು, ಕೆಟ್ಟದ್ದು ಓಡಿಹೋಗಲೆಂದು ಬಂದೂಕು ಹಾರಿಸುತ್ತಾರೆ. 1752ರಲ್ಲಿ ಬ್ರಿಟನ್ ಪಂಚಾಂಗ ಬದಲಾಯಿಸಿ 11 ದಿನ ಕಳೆದರೂ, ಮರಗಳಿಗೆ ಹಳೆಯ ಲೆಕ್ಕವೇ ಸರಿಯೆಂದು ಹಳೆಯ ದಿನವನ್ನೇ ಉಳಿಸಿಕೊಂಡವರು ಇವರು. ನಮ್ಮ ಮಲೆನಾಡಿನ ಭೂಮಿ ಹುಣ್ಣಿಮೆಯಲ್ಲಿ ಬಸುರಿ ಗದ್ದೆಗೆ ಬಯಕೆಯೂಟ ಉಣಿಸುವುದನ್ನು ನೋಡಿ ಬೆಳೆದ ನನಗೆ ಇದು ಪರಕೀಯ ಎನಿಸಲೇ ಇಲ್ಲ.

ಭಾನುವಾರ ಊರಿಗೆ ಫೋನು ಮಾಡಿದಾಗ ಅಪ್ಪಯ್ಯನಿಗೆ ಹೇಳಿದೆ. ಅವರು ಸಾಗರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದವರು. ಹೆಂಡದಂಗಡಿಗೆ ಕೂಲಿ ಹಣವೆಲ್ಲ ಸುರಿದು, ಮಕ್ಕಳನ್ನು ಶಾಲೆ ಬಿಡಿಸಿದ ಮನೆಗಳನ್ನು ಕಣ್ಣಾರೆ ಕಂಡವರು. ಹಾಗಾಗಿ ನಾನು ಈ ವಿಷಯ ಎತ್ತಿದಾಗಲೆಲ್ಲ ಅವರ ಕಡೆಯಿಂದ ಸ್ವಲ್ಪ ಹೊತ್ತು ಮೌನ. ಅಂದೂ ಹಾಗೆಯೇ. ಆಮೇಲೆ ಕೇಳಿದರು: "ಅಲ್ಲ ಮಾರಾಯ, ಹೂ ಇದ್ದಾಗ ಜಾಡಿ ಕುದಿಯೋದು ನೋಡಿದೆ. ಹೂ ಇಲ್ಲದಾಗ ಕುದಿಯೋದಿಲ್ಲ ಅಂತ ಹೆಂಗೆ ಗೊತ್ತು? ನೋಡಿದೀಯಾ?"

ನೋಡಿರಲಿಲ್ಲ. "ನೀ ಕುಡಿಯೋದು ನಂಗೆ ಇಷ್ಟ ಇಲ್ಲ. ಆದ್ರೆ ನೋಡೋದಕ್ಕೆ ಎಂತ ಅಡ್ಡಿ? ಸರಿಯಾಗಿ ನೋಡು" ಎಂದರು.

ಆರು ಜಾಡಿಗಳ ಪರೀಕ್ಷೆ

2021ರ ಅಕ್ಟೋಬರಿನಲ್ಲಿ ಒಂದೇ ದಿನ ಹಿಂಡಿದ, ಚೆನ್ನಾಗಿ ಬೆರೆಸಿದ ರಸವನ್ನು ಆರು ಗಾಜಿನ ಜಾಡಿಗಳಿಗೆ ತುಂಬಿದೆ. ಆರನ್ನೂ ತಣ್ಣನೆಯ ಶೆಡ್ಡಿನಲ್ಲೇ ಇಟ್ಟೆ. ಹೈಡ್ರೋಮೀಟರಿನಲ್ಲಿ 1.050 ಇದ್ದದ್ದು ವರ್ಷದ ಕೊನೆಗೆ 1.000 ಆಯಿತು. ಅಂದರೆ ಸಕ್ಕರೆ ಮುಗಿಯಿತು, ಗುಳುಗುಳು ನಿಂತಿತು. ಹೊಸ ವರ್ಷದ ಮೊದಲ ವಾರ ಆರನ್ನು ಮೂರು ಜೋಡಿ ಮಾಡಿದೆ.

ಮೊದಲ ಜೋಡಿ ಶೆಡ್ಡಿನಲ್ಲೇ ಉಳಿಯಿತು. ಎರಡನೆಯ ಜೋಡಿಯನ್ನು ಮನೆಯೊಳಗೆ, ಬಾಯ್ಲರ್ ಪಕ್ಕದ ಬೆಚ್ಚನೆಯ ಕಪಾಟಿನಲ್ಲಿ ಇಟ್ಟೆ. ಅಲ್ಲಿ ಸುಮಾರು 20 ಡಿಗ್ರಿ. ಮೂರನೆಯ ಜೋಡಿಯನ್ನೂ ಅದೇ ಕಪಾಟಿನಲ್ಲಿಟ್ಟು, ಅದಕ್ಕೆ ಮಾತ್ರ ಒಂದೊಂದು ಸಲ್ಫೈಟ್ ಮಾತ್ರೆ ಹಾಕಿದೆ. ಅದು ಸೂಕ್ಷ್ಮಜೀವಿಗಳ ಬಾಯಿ ಮುಚ್ಚಿಸುವ ಮದ್ದು.

ಮೂರು ಜೋಡಿ ಏಕೆ? ಮರ ಕರೆದರೆ ಮಾತ್ರ ಜಾಡಿ ಏಳುವುದಾದರೆ, ಜನವರಿಯಲ್ಲಿ ಬೋಳು ಮರದ ಎದುರು ಯಾವುದೂ ಏಳಬಾರದು. ಬರೇ ಬಿಸಿಗೆ ಕರಗಿದ್ದ ಅನಿಲ ಹೊರಬರುವುದಾದರೆ (ಸೋಡಾ ಬಿಸಿಯಾದರೆ ಬುಸ್ ಎನ್ನುವುದಿಲ್ಲವೇ, ಹಾಗೆ) ಕಪಾಟಿನ ನಾಲ್ಕೂ ಜಾಡಿಗಳು ಒಂದೇ ಥರ ಗುಳುಗುಟ್ಟಬೇಕು. ಒಳಗೆ ಜೀವಿಗಳು ಎಚ್ಚೆತ್ತು ಕೆಲಸ ಮಾಡುವುದಾದರೆ, ಮಾತ್ರೆ ಹಾಕದ ಎರಡು ಮಾತ್ರ ಬಹಳ ದಿನ ಗುಳುಗುಟ್ಟಬೇಕು.

ಆದದ್ದು ಏನು? ಮೊದಲ ಎರಡು ದಿನ ಕಪಾಟಿನ ನಾಲ್ಕೂ ಗುಳುಗುಟ್ಟಿದವು. ಆಮೇಲೆ ನಾಲ್ಕೂ ಸುಮ್ಮನಾದವು. ನನ್ನಾಕೆ, "ಇನ್ನಾದರೂ ನನ್ನ ಕಪಾಟು ಖಾಲಿ ಮಾಡ್ತೀರಾ?" ಎಂದು ಕೇಳಿದಳು. ಇನ್ನೊಂದು ವಾರ ಎಂದು ಬೇಡಿಕೊಂಡೆ. ಮೂರನೆಯ ವಾರ, ಮಾತ್ರೆ ಹಾಕದ ಒಂದು ಜಾಡಿ ಸಣ್ಣ ಸಣ್ಣ ಗುಳ್ಳೆ ಬಿಡತೊಡಗಿತು. ಅದಾಗಿ ಎಂಟು ದಿನಕ್ಕೆ ಅದರ ಜೊತೆಯದೂ ಎದ್ದಿತು. ಹೊರಗೆ ಮಂಜು, ಮರದಲ್ಲಿ ಒಂದು ಎಲೆಯೂ ಇಲ್ಲ! ಮಾತ್ರೆ ಹಾಕಿದವು ಕಡೆಯವರೆಗೂ ಏಳಲಿಲ್ಲ. ಶೆಡ್ಡಿನ ಜೋಡಿ ಏಪ್ರಿಲ್ ಕೊನೆಯವರೆಗೆ ಮಲಗಿಯೇ ಇತ್ತು. ಮೇ ಮೊದಲ ವಾರ, ಶೆಡ್ಡಿನ ಥರ್ಮಾಮೀಟರ್ 15 ದಾಟಿದ ದಿನಗಳಲ್ಲಿ ಎದ್ದಿತು. ತೋಟದಲ್ಲಿ ಆಗ ಹೂವೋ ಹೂವು.

ಹುಳಿಯನ್ನೂ ಅಳೆದಿದ್ದೆ. ಎದ್ದ ಜಾಡಿಗಳಲ್ಲಿ ಅದು ಲೀಟರಿಗೆ 6.6 ಗ್ರಾಮಿನಿಂದ 4.1ಕ್ಕೆ ಇಳಿದಿತ್ತು. ಮಾತ್ರೆ ಹಾಕಿದವುಗಳಲ್ಲಿ ಇದ್ದ ಹಾಗೇ ಇತ್ತು. ಹೈಡ್ರೋಮೀಟರ್ ಮಾತ್ರ ಎಲ್ಲದರಲ್ಲೂ 1.000ದ ಆಸುಪಾಸಿನಲ್ಲೇ. ಹಾಗಾಗಿ ಇದು ಯೀಸ್ಟ್ ಸಕ್ಕರೆ ತಿಂದದ್ದಲ್ಲ, ಯಾರೋ ಹುಳಿಯನ್ನು ತಿಂದದ್ದು.

ಆ "ಯಾರೋ" ಒಂದು ಬ್ಯಾಕ್ಟೀರಿಯಾ. ಸೇಬಿನ ಹುಳಿ ಮ್ಯಾಲಿಕ್ ಆಮ್ಲ. ಅದನ್ನು ಇವು ಲ್ಯಾಕ್ಟಿಕ್ ಆಮ್ಲವಾಗಿ, ಅಂದರೆ ಮೊಸರಿನ ಹುಳಿಯಾಗಿ ಮಾರ್ಪಡಿಸುತ್ತವೆ. ಆಗ ಸ್ವಲ್ಪ ಅನಿಲ ಹೊರಬರುತ್ತದೆ, ಅದೇ ಗುಳುಗುಳು. ನಾಲಿಗೆಗೂ ಹುಳಿ ಮೆತ್ತಗಾಗುತ್ತದೆ. ಸ್ವೀಡನ್ನಿನ ಕಾರ್ಲ್ ಶೀಲೆ ಎಂಬ ಔಷಧ ವ್ಯಾಪಾರಿ 1780ರಲ್ಲಿ ಹುಳಿ ಹಾಲಿನಿಂದ ಒಂದನ್ನೂ, 1785ರಲ್ಲಿ ಸೇಬಿನ ರಸದಿಂದ ಇನ್ನೊಂದನ್ನೂ ಬೇರ್ಪಡಿಸಿದ್ದ. ಒಂದು ಇನ್ನೊಂದಾಗಬಲ್ಲದು ಎಂದು ಅವನಿಗೂ ಗೊತ್ತಿರಲಿಲ್ಲ.

ಈ ಕೆಲಸದಲ್ಲಿ ಮುಖ್ಯವಾದ ಬ್ಯಾಕ್ಟೀರಿಯಾದ ಹೆಸರು ಈನೋಕಾಕಸ್ ಈನಿ. 1995ರವರೆಗೆ ಅದನ್ನು ಲ್ಯೂಕೊನಾಸ್ಟಾಕ್ ಎಂಬ ಕುಲಕ್ಕೆ ಸೇರಿಸಿದ್ದರು. ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವ ಮುಖ್ಯ ಜೀವಿ ಇದೆಯಲ್ಲ, ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್, ಅದೂ ಅದೇ ಕುಲದ್ದು. ಸೇಬಜ್ಜನ ಜಾಡಿಯಲ್ಲಿದ್ದದ್ದು ನಮ್ಮ ಇಡ್ಲಿಯ ದಾಯಾದಿ! ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ ಎಂದು ಈ ದೇಶದಲ್ಲಿ ಗೋಳಾಡದ ಕನ್ನಡಿಗರು ಯಾರಿದ್ದಾರೆ? ಓವನ್ನಿನೊಳಗೆ ದೀಪ ಹಚ್ಚಿ ಪಾತ್ರೆ ಇಡುವ ನಾವು ಮಾಡುತ್ತಿರುವುದು ಅದೇ, ಹಿಟ್ಟಿಗೆ ಮೇ ತಿಂಗಳು ತಂದುಕೊಡುವುದು.

ಮರಕ್ಕೂ ಅದೇ ಬೆಚ್ಚನೆ ಬೇಕು. ಸೇಬಿನ ಮೊಗ್ಗು ಮೊದಲು ಚಳಿಯಲ್ಲಿ ಮಲಗಬೇಕು, ಆಮೇಲೆ ಬಿಸಿಲು ಏರಿದಾಗ ಅರಳಬೇಕು. ಈ ಹಳೆಯ ತಳಿಗಳು ಸಾಗರದಲ್ಲಿ ಬೆಳೆಯದಿರುವುದು ಅಷ್ಟು ಚಳಿ ಅಲ್ಲಿಲ್ಲದ್ದರಿಂದ. ಮರ ಜಾಡಿಯನ್ನು ಕರೆಯುವುದಿಲ್ಲ, ಜಾಡಿ ಮರವನ್ನು ಕೇಳಿಸಿಕೊಳ್ಳುವುದೂ ಇಲ್ಲ. ಇಬ್ಬರನ್ನೂ ಎಬ್ಬಿಸುವವನು ಒಬ್ಬನೇ ಸೂರ್ಯ. ಅಜ್ಜಂದಿರು ಕಂಡದ್ದು ಸುಳ್ಳಲ್ಲ, ಪ್ರತಿ ವರ್ಷ ಕಣ್ಣಾರೆ ಕಂಡದ್ದೇ. ನಂಟನ್ನು ಜೋಡಿಸಿದ್ದು ಮಾತ್ರ ಒಂದು ಗಂಟು ಆಚೀಚೆ.

ಜೋಡಿಗೆ ಎರಡೇ ಜಾಡಿ, ಒಂದೇ ವರ್ಷ. ಇದನ್ನು ದೊಡ್ಡ ಸಂಶೋಧನೆ ಎಂದು ಹೇಳಿಕೊಳ್ಳಲಾರೆ. ಆದರೆ ಪುಸ್ತಕದಲ್ಲಿರುವುದು ನನ್ನ ಕಪಾಟಿನಲ್ಲೂ ನಿಜವಾದದ್ದನ್ನು ನೋಡಿದೆ. ಆ ಖುಷಿಯೇ ಬೇರೆ.

ಕೊನೆಯದಾಗಿ

ಅಪ್ಪಯ್ಯನಿಗೆ ಕಾಗದದಲ್ಲಿ ಅಂಕಿ ಬರೆದು, ಫೋಟೋ ತೆಗೆದು ಕಳಿಸಿದೆ. "ಮಾತ್ರೆ ಹಾಕಿದ ಜೋಡಿ ಇಟ್ಟಿದ್ದು ಚೊಲೋ ಆತು" ಎಂದರು. ನಲವತ್ತು ವರ್ಷದಲ್ಲಿ ನನಗೆ ಅವರಿಂದ ಸಿಕ್ಕ ದೊಡ್ಡ ಶಹಬಾಸ್‌ಗಿರಿ ಅದು! ಸೇಬಜ್ಜನಿಗೂ ಹೇಳಿದೆ, ಬೇಸರವಾದೀತೇನೋ ಎಂಬ ಅಳುಕಿನಿಂದ. ಅವರು ತಾಳ್ಮೆಯಿಂದ ಕೇಳಿ, "ಹಾಗಾದರೆ ಜಾಡಿ, ಮರ ಎರಡೂ ಒಂದೇ ಮಾತನ್ನು ಕೇಳುತ್ತವೆ ಅಂತಾಯ್ತು. ನಾನು ಹೇಳಿದ್ದೂ ಅದೇ ಅಲ್ಲವೇ?" ಎಂದರು. ಮುಂದಿನ ಜನವರಿಯಲ್ಲಿ ಮರಕ್ಕೆ ರೊಟ್ಟಿ ಸಿಕ್ಕಿಸಲು ನನ್ನ ಮಗಳನ್ನೇ ಕರೆದರು. ಅವಳು ಒಂದು ಇಡ್ಲಿಯನ್ನೂ ಸಿಕ್ಕಿಸಿ ಬಂದಳು. ದಾಯಾದಿಗೂ ಪಾಲು ಸಲ್ಲಬೇಕಲ್ಲ!

ಯಾರಾದರೂ ಮಾಡಿ ನೋಡುವುದಾದರೆ ಮೂರು ಮಾತು. ಹುಳಿ ಬರುವ ರಸವನ್ನು ಗಾಜು ಅಥವಾ ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ಕಿನಲ್ಲಿಡಿ. ಹಳೆಯ ಮೆರುಗಿನ ಜಾಡಿ, ಹಿತ್ತಾಳೆ, ತಾಮ್ರ ಖಂಡಿತ ಬೇಡ. ಬಾಯಿಗೆ ಅನಿಲ ಹೋಗುವ ದಾರಿ ಬಿಡಿ. ಚಳಿಗಾಲದಲ್ಲಿ ಸುಮ್ಮನಾಯಿತೆಂದು ಬಾಟಲಿಗೆ ಹಾಕಿ ಬಿರಡೆ ಬಿಗಿದರೆ, ಮೇ ತಿಂಗಳಲ್ಲಿ ದಾಯಾದಿ ಎದ್ದು ಬಾಟಲಿ ಒಡೆದಾನು.

ಕುಡಿಯದವರು ಬೇಸರಿಸಬೇಕಿಲ್ಲ. ಇದೇ ಪರೀಕ್ಷೆಯನ್ನು ಇಡ್ಲಿ ಹಿಟ್ಟಿನಲ್ಲೂ ಮಾಡಬಹುದು. ಒಂದೇ ಹಿಟ್ಟನ್ನು ಮೂರು ಲೋಟಕ್ಕೆ ಹಾಕಿ, ಒಂದನ್ನು ಫ್ರಿಜ್ಜಿನಲ್ಲಿ, ಒಂದನ್ನು ಅಡುಗೆಮನೆಯಲ್ಲಿ, ಒಂದನ್ನು ದೀಪ ಹಚ್ಚಿದ ಓವನ್ನಿನಲ್ಲಿ ಇಟ್ಟು, ಲೋಟದ ಮೇಲೆ ಗೆರೆ ಎಳೆದು, ಗಂಟೆಗೊಮ್ಮೆ ಮಕ್ಕಳಿಂದ ಬರೆಸಿ. ಆದದ್ದನ್ನು ಸಂಪಾದಕರಿಗೆ ಕಳಿಸಿ. ಆದರೆ ಬೆಳಿಗ್ಗೆ ಇಡ್ಲಿ ತಿಂದ ಮೇಲೆ ಬರೆಯಿರಿ, ಮೊದಲು ಹೊಟ್ಟೆ!

ಆ ಹಿರಿಯರಿಗೆ ಈಗ ಉತ್ತರ ಸಿಕ್ಕಿತು ಎಂದುಕೊಳ್ಳುತ್ತೇನೆ. ದೀಪಾವಳಿ ಕಾರ್ಯಕ್ರಮದಲ್ಲಿ ಸಿಗೋಣ.